ಸಹಪೈಲಟ್ ಮೂರು ಸಲ ಹೇಳಿದ್ದರು

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿತು. 158 ಜನ ಸತ್ತರು, ಎಂಟೇ ಮಂದಿ ಉಳಿದರು. ಎಂಜಿನ್ ಕೆಟ್ಟಿರಲಿಲ್ಲ.

ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಿಂದ ಇಳಿಯಿತು. ಸುಮಾರು 2,450 ಮೀಟರ್ ಉದ್ದದ ರನ್‌ವೇಯಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದ ಮೇಲೆ ಚಕ್ರಗಳು ನೆಲ ಮುಟ್ಟಿದವು. ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಹೋಗಿದ್ದ ಕ್ಯಾಪ್ಟನ್‌ಗೆ ಸಹಪೈಲಟ್ ‘ಗೋ ಅರೌಂಡ್’, ಅಂದರೆ ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಮೂರು ಸಲ ಹೇಳಿದರು. ಯಂತ್ರವೂ ಎಚ್ಚರಿಸುತ್ತಿತ್ತು. ಆದರೆ ಸಹಪೈಲಟ್ ನಿಯಂತ್ರಣವನ್ನು ತಾವೇ ವಹಿಸಿಕೊಳ್ಳಲಿಲ್ಲ. ಅವರಿಗೆ ಆ ಅಧಿಕಾರ ಉಂಟೋ ಇಲ್ಲವೋ ಎಂಬುದು ಸೂಚನೆಗಳಲ್ಲೇ ಗೊಂದಲವಾಗಿದ್ದಿರಬೇಕು ಎಂದು ತನಿಖಾ ವರದಿ ಹೇಳಿತು.

1977ರಲ್ಲಿ ಟೆನೆರೀಫ್ ದ್ವೀಪದಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತಾಗಲೂ ಹೀಗೇ. ಫ್ಲೈಟ್ ಎಂಜಿನಿಯರ್ ಎತ್ತಿದ ಸಂಶಯವನ್ನು ಕ್ಯಾಪ್ಟನ್ ತಳ್ಳಿಹಾಕಿದ್ದರು. 1979ರಲ್ಲಿ ನಾಸಾ ಈ ಬಗ್ಗೆ ಕಾರ್ಯಾಗಾರ ನಡೆಸಿತು. ‘ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್’ ಎಂಬ ತರಬೇತಿ ಬೆಳೆದದ್ದು ಅಲ್ಲಿಂದ.

ಹಿರಿಯರಿಗೆ ಎದುರಾಡಬಾರದೆಂದು ನಾವು ಮನೆಯಲ್ಲೂ ಶಾಲೆಯಲ್ಲೂ ಕಲಿಸುತ್ತೇವೆ. ಪಾಲಕರೇ, ಕಾಕ್‌ಪಿಟ್‌ನಲ್ಲಿ ಅದನ್ನೇ ಮರೆಸಲು ಹೆಣಗಬೇಕಾಗಿದೆ!

ಈಗ ಸಿಮ್ಯುಲೇಟರಿನಲ್ಲಿ ಪೈಲಟ್‌ಗಳನ್ನು ಜೊತೆಯಾಗಿಯೇ ಕೂರಿಸಿ, ನಡುವೆ ತೊಂದರೆ ಒಡ್ಡುತ್ತಾರೆ. ಯಾರು ಏನು ಹೇಳಿದರು, ಯಾರು ಕೇಳಿಸಿಕೊಂಡರು ಎಂಬುದನ್ನು ಆಮೇಲೆ ವಿಡಿಯೋದಲ್ಲಿ ತೋರಿಸಿ ಚರ್ಚಿಸುವುದೂ ಉಂಟು. ಎರಡು ಸಲ ಎಚ್ಚರಿಸಿಯೂ ಉತ್ತರ ಬಾರದಿದ್ದರೆ ಕಿರಿಯರೇ ನಿಯಂತ್ರಣ ವಹಿಸಿಕೊಳ್ಳಬೇಕೆಂಬ ಪದ್ಧತಿಯನ್ನೂ ಕಲಿಸುತ್ತಾರೆ. ಅದಕ್ಕಾಗಿ ಕ್ಯಾಪ್ಟನ್ ಆಸನದಲ್ಲಿರುವವರು ಬೇಕೆಂದೇ ಸುಮ್ಮನೆ ಕೂತಿರುತ್ತಾರೆ.