ಸತ್ತ ಕುರಿಯನ್ನು ಕೊಯ್ಯುವ ಮುನ್ನ ಇದನ್ನು ಓದಿ

ಕಾನಹೊಸಹಳ್ಳಿ ಹೋಬಳಿಯ ಕುರಿಗಾರ ಬಂಧುಗಳಲ್ಲಿ, ರೈತ ಅಣ್ಣತಮ್ಮಂದಿರಲ್ಲಿ, ರೊಪ್ಪದಲ್ಲಿ ಮರಿ ಸಾಕುವ ಅಕ್ಕತಂಗಿಯರಲ್ಲಿ ವಿನಂತಿ.

ರಾತ್ರಿ ಚೆನ್ನಾಗಿದ್ದ ಮರಿ ಬೆಳಿಗ್ಗೆ ರೊಪ್ಪದಲ್ಲಿ ಕಾಲು ಚಾಚಿ ಬಿದ್ದಿರುತ್ತದೆ. ಇಲ್ಲವೇ ಹೊಲದಲ್ಲಿ ಮೇಯುತ್ತಿದ್ದ ಹಿಂಡಿನಲ್ಲಿ ನಾಲ್ಕೈದು ಕುರಿ ಒಟ್ಟಿಗೇ ತೂರಾಡಿ ಬೀಳುತ್ತವೆ. ಎರಡಕ್ಕೂ ನಾವು ಹೇಳುವುದು ಒಂದೇ ಮಾತು: "ಬ್ಯಾನಿ ಬಂತು." ಆಮೇಲೆ ಜೀವ ಹೋಗುವ ಮೊದಲೇ ಕತ್ತು ಕೊಯ್ದು, ಮಾಂಸವನ್ನು ಅಗ್ಗಕ್ಕೆ ಹಂಚಿ, ಉಳಿದದ್ದನ್ನು ಹಳ್ಳಕ್ಕೆ ಎಸೆದು, ಹಿಂಡನ್ನು ಬೇರೆ ಹೊಲಕ್ಕೆ ಹೊಡೆದುಕೊಂಡು ಹೋಗುತ್ತೇವೆ. ಯಾಕೆ ಸತ್ತಿತೆಂದು ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಮುಂದಿನ ವರ್ಷ ಅದೇ ಮಳೆಗೆ ಅದೇ ಸಾವು.

ಸತ್ತದ್ದು ಮೇವಿನ ವಿಷದಿಂದಲೋ, ಅಂಟುರೋಗದಿಂದಲೋ? ಮೊದಲು ಕೇಳಬೇಕಾದದ್ದು ಇದು. ವಿಷವಾದರೆ ಹಿಂಡನ್ನು ಆ ಹೊಲದಿಂದ ತಕ್ಷಣ ಹೊರಗೆ ತರಬೇಕು. ಅಂಟುರೋಗವಾದರೆ ಹಿಂಡನ್ನು ಎಲ್ಲಿಗೂ ಒಯ್ಯಬಾರದು, ಇದ್ದಲ್ಲೇ ಇರಿಸಿ ಕಾಯಿಲೆ ಬಿದ್ದವನ್ನು ಬೇರೆ ಕಟ್ಟಬೇಕು. ತಪ್ಪಿ ಒಂದರ ಬದಲು ಇನ್ನೊಂದು ಮಾಡಿದರೆ, ಉಳಿಯಬೇಕಾದ ಕುರಿಗಳೂ ಹೋಗುತ್ತವೆ.

ನಮ್ಮ ಸೀಮೆಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಜೋಳವನ್ನು. ಹೌದು, ನಾವು ರೊಟ್ಟಿ ತಟ್ಟುವ ಜೋಳವನ್ನೇ. ಮಳೆ ಕೈಕೊಟ್ಟು ಬಾಡಿ ನಿಂತ ಎಳೆ ಪೈರಿನಲ್ಲಿ, ಕೊಯ್ದ ಹೊಲದಲ್ಲಿ ಒಂದು ಮಳೆಗೆ ಒಡೆದ ಕೂಳೆಯ ಚಿಗುರಿನಲ್ಲಿ ಸಯನೈಡ್ ಆಗುವ ಅಂಶ ತುಂಬಿಕೊಂಡಿರುತ್ತದೆ. ಕುರಿ ಅಗಿದು ನುಂಗಿದೊಡನೆ ಹೊಟ್ಟೆಯಲ್ಲಿ ಆ ವಿಷ ಬಿಡುಗಡೆಯಾಗುತ್ತದೆ. ದೇಹತೂಕದ ಒಂದು ಕಿಲೋಗೆ ಸುಮಾರು 2 ಮಿಲಿಗ್ರಾಂ ಸಾಕು. 30 ಕಿಲೋ ಕುರಿಗೆ 60 ಮಿಲಿಗ್ರಾಂ. ಹಸಿದ ಹಿಂಡು ಇಂಥ ಹೊಲಕ್ಕೆ ನುಗ್ಗಿದರೆ ಹತ್ತು ನಿಮಿಷದಲ್ಲೇ ಏದುಸಿರು, ಬಾಯಲ್ಲಿ ನೊರೆ, ನಡುಕ ಶುರುವಾಗಬಹುದು. ರಕ್ತ ಎಂದಿಗಿಂತ ಕೆಂಪಾಗಿರುತ್ತದೆ, ಯಾಕೆಂದರೆ ಅದರಲ್ಲಿರುವ ಪ್ರಾಣವಾಯುವನ್ನು ಮೈ ಬಳಸಿಕೊಳ್ಳಲಾರದು. ಹೆಚ್ಚು ಮೇಯ್ದ ಗಟ್ಟಿ ಕುರಿಗಳೇ ಮೊದಲು ಬೀಳುತ್ತವೆ. ಜ್ವರ ಇರುವುದಿಲ್ಲ. ಇದು ಒಂದರಿಂದ ಒಂದಕ್ಕೆ ಹರಡುವುದೂ ಇಲ್ಲ.

ಇದಕ್ಕೆ ಔಷಧಿ ಇದೆ. ಸೋಡಿಯಂ ಥಯೋಸಲ್ಫೇಟನ್ನು ಪಶುವೈದ್ಯರು ರಕ್ತನಾಳಕ್ಕೆ ಕೊಟ್ಟರೆ ಬಿದ್ದ ಪ್ರಾಣಿಯೂ ಎದ್ದು ನಿಲ್ಲಬಹುದು. ಆದರೆ ವೈದ್ಯರು ಬೇಗ ತಲುಪಬೇಕು. ಅಲ್ಲಿಯವರೆಗೆ ಕೈಕಾಲು ಬಿಟ್ಟು ಮಲಗಿದ ಕುರಿಗೆ ಗೊಟ್ಟ ಹಾಕಬೇಡಿ. ಎಣ್ಣೆಯಾಗಲಿ ಮಜ್ಜಿಗೆಯಾಗಲಿ ಶ್ವಾಸಕೋಶಕ್ಕೆ ಇಳಿದು, ವಿಷ ಕೊಲ್ಲದ ಕುರಿಯನ್ನು ನಮ್ಮ ಕೈಯೇ ಕೊಲ್ಲುತ್ತದೆ. ಹೂ ಬಿಟ್ಟ ಮೇಲೆ ಜೋಳದ ವಿಷ ಬಹಳ ಇಳಿಯುತ್ತದೆ, ಚೆನ್ನಾಗಿ ಒಣಗಿದ ಸೊಪ್ಪೆಗೆ ಅಂಜಬೇಕಿಲ್ಲ. ಎಳೆ ಪೈರಿಗೆ ಮತ್ತು ಕೂಳೆಗೆ ಮಾತ್ರ ಹಿಂಡು ಬಿಡಬೇಡಿ. ಹೊಲದ ಮಾಲೀಕರಲ್ಲೂ ಒಂದು ಬೇಡಿಕೆ: ಗೊಬ್ಬರಕ್ಕೆಂದು ಕುರಿ ನಿಲ್ಲಿಸಲು ಕರೆಯುವಾಗ, ಹೊಲದಲ್ಲಿ ಕೂಳೆ ಒಡೆದಿದ್ದರೆ ಬಾಯಿಬಿಟ್ಟು ಹೇಳಿ.

ಬರಗಾಲದಲ್ಲಿ ಸುತ್ತೆಲ್ಲ ಒಣಗಿದಾಗ ಹಸಿರಾಗಿ ಉಳಿಯುವುದು ಔಡಲ. ಅದರ ಎಲೆಯೂ ವಿಷ, ಬೀಜವೂ ವಿಷ, ಗಾಣದ ಹಿಂಡಿಯೂ ವಿಷ. ಯೂರಿಯಾವೂ ವಿಷವೇ, ಅದರ ಚೀಲ ತೊಳೆದ ನೀರನ್ನು ದನಕರು ಕುಡಿಯುವ ತೊಟ್ಟಿಯ ಹತ್ತಿರ ಚೆಲ್ಲಬೇಡಿ.

ಇನ್ನು ಮೆಕ್ಕೆಜೋಳ. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆ ರಾಶಿ ಮುಗಿದ ಹೊಲಗಳಿಗೆ ನಮ್ಮ ಹಿಂಡುಗಳು ಹೋಗುತ್ತವೆ. ಉದುರಿದ ತೆನೆಯನ್ನು ಕುರಿ ಮುಕ್ಕಿದರೆ ಹೊಟ್ಟೆ ಹುಳಿಯಾಗಿ ಒಂದೆರಡು ದಿನದಲ್ಲಿ ಸಾಯಬಹುದು. ಅಷ್ಟೇ ಅಲ್ಲ, ಕರುಳು ಬೇನೆಯ ರೋಗಾಣು ಕುರಿಯ ಕರುಳಿನಲ್ಲಿ ಮೊದಲೇ ಸುಮ್ಮನಿರುತ್ತದೆ. ಒಮ್ಮೆಲೇ ಕಾಳೋ, ಮೊದಲ ಮಳೆಯ ಎಳೆ ಹುಲ್ಲೋ ಸಿಕ್ಕಿದಾಗ ಅದು ಬೆಳೆದು ತಾನೇ ವಿಷ ಕಾರುತ್ತದೆ. ದಷ್ಟಪುಷ್ಟವಾದ ಮರಿಗಳೇ ರಾತ್ರೋರಾತ್ರಿ ಸಾಯುವುದು ಇದರಿಂದ. ನೋಡಲು ವಿಷ ತಿಂದಂತೆಯೇ, ಆದರೆ ಇದಕ್ಕೆ ಲಸಿಕೆ ಇದೆ! ಮಳೆಗಾಲಕ್ಕೆ ಮುಂಚೆ, ಮೊದಲ ಸಲವಾದರೆ ಎರಡು ಮೂರು ವಾರದ ಅಂತರದಲ್ಲಿ ಎರಡು ಸಲ ಹಾಕಿಸಬೇಕು. ಗಬ್ಬದ ಕುರಿಗೆ ಹಾಕಿಸಿದರೆ ಗಿಣ್ಣು ಹಾಲಿನ ಮೂಲಕ ಮರಿಗೂ ರಕ್ಷಣೆ.

ಲಸಿಕೆಯಿಂದ ಏನಾದೀತು ಎನ್ನುವ ಹಿರಿಯರಿಗೆ ಒಂದು ನೆನಪು. ಊರೂರಿನ ದನ ಖಾಲಿ ಮಾಡುತ್ತಿದ್ದ ದೊಡ್ಡರೋಗ ಈಗ ಎಲ್ಲಿದೆ? 2011ರಲ್ಲಿ ಇಡೀ ಲೋಕದಿಂದ ಅದು ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಲಸಿಕೆಯಿಂದಲೇ ಹೋಯಿತು. ಅದೇ ಜಾತಿಯ ರೋಗಾಣುವಿನಿಂದ ಕುರಿ ಮೇಕೆಗೆ ಬರುವ ಪಿಪಿಆರ್ ಅನ್ನು 2030ರೊಳಗೆ ಅಳಿಸಬೇಕೆಂಬ ಗುರಿ ಇದೆ. ಕಾಲುಬಾಯಿ ಜ್ವರಕ್ಕೆ 2019ರಿಂದ ಕೇಂದ್ರದ ಖರ್ಚಿನಲ್ಲಿ ಲಸಿಕೆ ನಡೆಯುತ್ತಿದೆ. 2022ರಲ್ಲಿ ಚರ್ಮಗಂಟು ರೋಗ ನಮ್ಮ ರಾಜ್ಯದಲ್ಲಿ ಸಾವಿರಾರು ದನಗಳನ್ನು ಬಲಿ ಪಡೆದದ್ದನ್ನು ಕಣ್ಣಾರೆ ಕಂಡಿದ್ದೇವೆ. ಮೈಲಾರದ, ಕೊಟ್ಟೂರಿನ ಜಾತ್ರೆಗೆ ಬಂಡಿ ಕಟ್ಟುವವರು ಎತ್ತುಗಳಿಗೆ ತಿಂಗಳ ಮುಂಚೆಯೇ ಲಸಿಕೆ ಹಾಕಿಸಿ.

ಈಗ ಬಹಳ ಮುಖ್ಯವಾದದ್ದು. ದಿಢೀರನೆ ಸತ್ತ ಪ್ರಾಣಿಯ ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿಯುತ್ತಿದ್ದರೆ, ಮೈ ಸೆಡೆತುಕೊಳ್ಳದೆ ಹೊಟ್ಟೆ ಬೇಗ ಉಬ್ಬಿದರೆ, ಅದು ನೆರಡಿ, ಅಂದರೆ ಅಂಥ್ರಾಕ್ಸ್ ಇರಬಹುದು. ಕತ್ತಿ ತಾಗಿಸಬೇಡಿ. ಕೊಯ್ದೊಡನೆ ರೋಗಾಣು ಗಾಳಿಗೆ ಸಿಕ್ಕಿ ಗಟ್ಟಿ ಬೀಜಾಣುವಾಗಿ ನೆಲ ಸೇರುತ್ತದೆ, ಹತ್ತಾರು ವರ್ಷ ಅಲ್ಲೇ ಬದುಕುತ್ತದೆ. ಇಂದು ನೀವು ಕೊಯ್ದ ಜಾಗದಲ್ಲಿ ಮೊಮ್ಮಗನ ಕುರಿ ಸತ್ತೀತು. ಚರ್ಮ ಸುಲಿದವರಿಗೆ ಕೈಮೇಲೆ ಕಪ್ಪು ಹುಣ್ಣು, ಮಾಂಸ ತಿಂದವರಿಗೆ ಜೀವಕ್ಕೇ ಅಪಾಯ. ಕಿವಿಯ ಒಂದು ತೊಟ್ಟು ರಕ್ತದಿಂದ ವೈದ್ಯರು ರೋಗ ಪತ್ತೆ ಮಾಡಬಲ್ಲರು. ಆರಡಿ ಗುಂಡಿ ತೋಡಿ, ಸುಣ್ಣ ಸುರಿದು, ಚರ್ಮ ಸಮೇತ ಹೂಳಬೇಕು.

ಬಡವನಿಗೆ ಸತ್ತ ಕುರಿಯ ಮಾಂಸವೂ ದುಡ್ಡೇ ಎಂಬುದು ನಮಗೆ ಗೊತ್ತಿದೆ. ಆದರೆ ಆಕಸ್ಮಿಕವಾಗಿ ಸತ್ತ ಜಾನುವಾರಿಗೆ ಅನುಗ್ರಹ ಯೋಜನೆಯಲ್ಲಿ ಪರಿಹಾರವಿದೆ. 2025–26ರ ರಾಜ್ಯ ಬಜೆಟ್‌ನಲ್ಲಿ ಅದನ್ನು ಕುರಿ, ಮೇಕೆಗೆ 5,000ದಿಂದ 7,500 ರೂಪಾಯಿಗೆ, ದನ, ಎಮ್ಮೆ, ಎತ್ತಿಗೆ 10,000ದಿಂದ 15,000ಕ್ಕೆ ಏರಿಸಲಾಗಿದೆ. ಅದು ಸಿಗಬೇಕಾದರೆ ಸಾವನ್ನು ವೈದ್ಯರು ಪರೀಕ್ಷಿಸಿ ಬರೆದುಕೊಡಬೇಕು. ಹಳ್ಳಕ್ಕೆ ಎಸೆದ ಕುರಿಗೆ ಯಾರು ಬರೆದುಕೊಟ್ಟಾರು?

ಹೂಡೇಂ, ಚಿಕ್ಕಜೋಗಿಹಳ್ಳಿ, ಎಲ್ಲೆಡೆಯವರೂ ಮುಂದೆ ನಡೆಯುವ ತಮ್ಮ ಗ್ರಾಮಸಭೆಯಲ್ಲಿ ಎದ್ದು ನಿಂತು ಎರಡು ಮಾತು ಕೇಳಿ. ಕಾರಹುಣ್ಣಿಮೆಗೆ ಮುಂಚೆ ನಮ್ಮೂರಿನಲ್ಲೇ ಲಸಿಕೆ ಶಿಬಿರ ನಡೆಯಬೇಕು. ಸತ್ತ ಪ್ರಾಣಿ ಹೂಳಲು ಕೆರೆ, ಹಳ್ಳದಿಂದ ದೂರ ಪಂಚಾಯಿತಿಯ ಜಾಗ ಗುರುತಾಗಬೇಕು. ಎರಡನ್ನೂ ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಮನೆಗೆ ಹೋಗಿ.

ಕುರಿ ಬಿದ್ದೊಡನೆ 1962ಕ್ಕೆ ಫೋನ್ ಮಾಡಿ, ದುಡ್ಡು ಖರ್ಚಾಗುವುದಿಲ್ಲ. ಯಾವ ಊರು, ಯಾವ ಹೊಲ, ಎಷ್ಟು ಬಿದ್ದಿವೆ, ಜ್ವರ ಇದೆಯೋ, ಕೊನೆಯದಾಗಿ ಏನು ಮೇಯ್ದಿದ್ದವು, ಇಷ್ಟನ್ನು ಹೇಳಿ. ಮೇಯ್ದ ಗಿಡದ ಒಂದು ಹಿಡಿ ಕಿತ್ತು ಚೀಲದಲ್ಲಿಟ್ಟುಕೊಂಡು, ವೈದ್ಯರು ಬರುವವರೆಗೆ ಅಲ್ಲೇ ನಿಲ್ಲಿ.