ಗೃಹವೈದ್ಯ: ಪರದೆಯೂ ಕಣ್ಣಿನ ದಣಿವೂ

ಗಣಕಯಂತ್ರದ ಮುಂದೆ ಕುಳಿತು ದುಡಿಯುವವರಿಗೂ ಮೊಬೈಲಿನಲ್ಲಿ ಪಾಠ ಓದುವ ಮಕ್ಕಳಿಗೂ ಕಣ್ಣುರಿ, ತಲೆನೋವು, ನೋಟ ಮಸಕಾಗುವುದು, ಇವು ಇಂದು ಮನೆಮನೆಯ ದೂರಾಗಿವೆ. ಪರದೆಯ ನೀಲಿ ಬೆಳಕೇ ಇದಕ್ಕೆ ಕಾರಣವೆಂದು ನಂಬಿ, ಅದನ್ನು ತಡೆಯುವ ಕನ್ನಡಕಗಳಿಗೆ ಅನೇಕರು ಹೆಚ್ಚಿನ ಹಣ ತೆರುವುದುಂಟು. ಆದರೆ ೧೭ ಪ್ರಯೋಗಗಳನ್ನು ಪರಿಶೀಲಿಸಿ ಕಾಕ್ರೇನ್ ಸಂಸ್ಥೆಯು ೨೦೨೩ರಲ್ಲಿ ಪ್ರಕಟಿಸಿದ ವಿಮರ್ಶೆಯಂತೆ, ಅಲ್ಪಕಾಲದ ಬಳಕೆಯಲ್ಲಿ ಇವು ಸಾಧಾರಣ ಕನ್ನಡಕಕ್ಕಿಂತ ದಣಿವನ್ನು ಹೆಚ್ಚು ತಗ್ಗಿಸುವಂತೆ ಕಾಣಲಿಲ್ಲ.

ನೇತ್ರವೈದ್ಯರು ಹೇಳುವ ಕಾರಣವೇ ಬೇರೆ. ನಾವು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು ೧೫ ಸಲ ರೆಪ್ಪೆ ಬಡಿಯುತ್ತೇವೆ; ಪ್ರತಿ ಬಡಿತವೂ ಕಣ್ಣಿನ ಮೇಲೆ ಕಂಬನಿಯ ತೆಳುಪದರವನ್ನು ಸವರುತ್ತದೆ. ಪರದೆಯನ್ನು ದಿಟ್ಟಿಸುವಾಗ ಈ ಬಡಿತವು ಅರ್ಧಕ್ಕಿಂತಲೂ ಕಡಿಮೆಯಾಗಬಹುದು. ಆಗ ಕಣ್ಣು ಒಣಗಿ ಉರಿಯುತ್ತದೆ. ಹತ್ತಿರದ ವಸ್ತುವನ್ನೇ ನೋಡುತ್ತಿರುವುದರಿಂದ ಕಣ್ಣಿನೊಳಗಿನ ಸ್ನಾಯುವಿಗೂ ಬಿಡುವಿಲ್ಲ.

ಆದುದರಿಂದ ಪರಿಹಾರವೂ ಸುಲಭವಾದುದೇ. ೨೦ ನಿಮಿಷಗಳಿಗೊಮ್ಮೆ, ೨೦ ಅಡಿ ದೂರದ ವಸ್ತುವನ್ನು ೨೦ ಸೆಕೆಂಡು ನೋಡಿರಿ. ಆಗಾಗ ನೆನೆದು ರೆಪ್ಪೆ ಬಡಿಯಿರಿ. ಗಣಕಯಂತ್ರದ ಪರದೆಯನ್ನು ಒಂದು ತೋಳಿನಷ್ಟು ದೂರದಲ್ಲಿ, ಕಣ್ಣಿಗಿಂತ ತುಸು ಕೆಳಗಿರಿಸಿರಿ. ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬೀಸದಿರಲಿ. ನಾಲ್ವತ್ತು ದಾಟಿದವರ ದಣಿವಿಗೆ ಚಾಳೀಸೇ ಮೂಲವಾಗಿರಬಹುದು. ಅಂಥವರಿಗೆ ಪರೀಕ್ಷಿಸಿ ಕೊಟ್ಟ ಕನ್ನಡಕವೇ ಮದ್ದು.

ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದ ಔಷಧವನ್ನು ಮಾತ್ರ ಕಣ್ಣಿಗೆ ಬಿಡಕೂಡದು. ಅದರಲ್ಲಿ ಸ್ಟೆರಾಯ್ಡ್ ಇದ್ದಲ್ಲಿ, ಬಹುಕಾಲದ ಬಳಕೆಯಿಂದ ಕಣ್ಣಿನೊಳಗಿನ ಒತ್ತಡವೇರಿ ದೃಷ್ಟಿಯೇ ನಷ್ಟವಾಗಬಹುದು. ವಿಶ್ರಾಂತಿಯಿಂದಲೂ ದಣಿವು ತಗ್ಗದಿದ್ದರೆ, ನೋವಾಗಲಿ ದೃಷ್ಟಿ ಕುಂದುವುದಾಗಲಿ ಕಂಡುಬಂದರೆ, ತಡಮಾಡದೆ ನೇತ್ರವೈದ್ಯರನ್ನು ಕಾಣುವುದೇ ಲೇಸು.