ಮಕ್ಕಳ ಮಾರಿ ನೋಡಿ ಸುಮ್ನಿರು

ನಮ್ಮ ಓಣ್ಯಾಗ ಎರಡು ಮನಿಗೆ ಒಂದ ಗ್ವಾಡಿ. ಹಿಂಗಾಗಿ ಬಾಜೂ ಮನ್ಯಾಗ ಏನು ನಡದ್ರೂ ನಮಗ ಗೊತ್ತಾಗ್ತದ. ಬ್ಯಾಳಿಗೆ ಎಷ್ಟು ಸೀಟಿ ಹೊಡಸ್ತಾರ, ಮುಂಜಾನೆ ಯಾರು ಮೊದಲು ಎದ್ದು ನೀರು ತುಂಬ್ತಾರ, ಯಾವ ಸೀರಿಯಲ್ ನೋಡ್ತಾರ, ಎಲ್ಲಾ. ನಾವೂ ಅವರಿಗೆ ಹಂಗ ಗೊತ್ತು ಅನ್ರಿ. ನಮ್ಮ ಮನಿಯವರ ಗೊರಕಿ ಸುದ್ದಿ ನಾ ಯಾರಿಗೂ ಹೇಳಿದ್ದಿಲ್ಲ, ಆದ್ರ ಇಡೀ ಓಣಿಗೆ ಗೊತ್ತದ.

ಆರು ವರ್ಷದ ಹಿಂದ ಆ ಬಾಜೂ ಮನಿಗೆ ಗಂಡ, ಹೆಂಡ್ತಿ, ಒಂದು ಹೆಣ್ಣು ಕೂಸು ಬಾಡಿಗಿಗೆ ಬಂದ್ರು. ಮೊದಲನೇ ತಿಂಗಳು ಬರೇ ಕುಕ್ಕರ್ ಸೀಟಿ ಕೇಳಸ್ತಿತ್ತು. ಎರಡನೇ ತಿಂಗಳಿಂದ ಬ್ಯಾರೆ ಸಪ್ಪಳ ಶುರು ಆತು. ಏನರ ಒಗದಿದ್ದು, ಬಾಗಲಾ ಬಡದಿದ್ದು, ಆಮ್ಯಾಲೆ ಒಮ್ಮೆಲೆ ಎಲ್ಲಾ ಗಪ್. ಆ ಗಪ್ ಆಗೋದು ಭಾಳ ಕೆಟ್ಟ ಅನಸ್ತಿತ್ತು. ನಾವೇನು ಮಾಡ್ತಿದ್ವಿ ಹೇಳಲಾ? ಟಿವಿ ಸೌಂಡ್ ಜಾಸ್ತಿ ಮಾಡ್ತಿದ್ವಿ. ‘ಗಂಡ ಹೆಂಡ್ತಿ ಜಗಳ, ನಡುವ ನಮಗೇನು ಕೆಲಸ’ ಅಂತ ನಮ್ಮ ಮನಿಯವರು ಅಂದ್ರು, ನಾನೂ ಹೂಂ ಅಂದೆ.

ಒಂದಿನ ಅಕಿ ಮೊಸರಿಗೆ ಹೆಪ್ಪು ಇಸ್ಕೊಳ್ಳಿಕ್ಕೆ ಬಂದ್ಲು. ಏಪ್ರಿಲ್ ತಿಂಗಳು, ಫ್ಯಾನ್ ಕೆಳಗ ಕೂತ್ರೂ ಬೆವರು ಇಳೀತಿತ್ತು, ಅಕಿ ನೋಡಿದ್ರ ಉದ್ದ ತೋಳಿನ ಬ್ಲೌಸು. ವಾಟಗ ಇಸ್ಕೊಳ್ಳೋ ಮುಂದ ತೋಳು ಮ್ಯಾಲೆ ಸರೀತು. ಅಕಿ ನೋಡಿದ್ದು ನಾ ನೋಡಿದೆ, ನಾ ನೋಡಿದ್ದು ಅಕಿ ನೋಡಿದ್ಲು. ‘ಅಕ್ಕಾ, ಇನ್ನ ಆಗೂದಿಲ್ರೀ’ ಅಂತ ಇಷ್ಟ ಅಂದ್ಲು. ಅದಕ್ಕ ನಾ ಏನಂದೆ? ‘ಮಕ್ಕಳ ಮಾರಿ ನೋಡಿ ಸುಮ್ನಿರವಾ, ಎಲ್ಲಾ ಸರಿಹೋಗ್ತದ.’

ಅಂದು ಬಿಟ್ಟು ನಂಗ ಭಾಳ ಶಾಣ್ಯಾ ಮಾತು ಹೇಳಿದೆ ಅನಸ್ತು. ನಮ್ಮವ್ವ ಹೇಳ್ತಿದ್ಲು, ಅಕಿಗೆ ಅವರವ್ವ ಹೇಳಿದ್ಲು. ನಮ್ಮ ಕಡೆ ಮನ್ಯಾಗ ಇತ್ತಳಿ ಹಂಡೆ ಹೆಂಗ ಒಬ್ಬರಿಂದ ಒಬ್ಬರಿಗೆ ಬರ್ತದೋ ಈ ಮಾತೂ ಹಂಗ ಬಂದದ.

ಅಕಿ ಮಗಳು ಎರಡನೇತ್ತಾ ಇದ್ಲು, ನನ್ನ ಮಗಳ ಜೋಡಿ ಆಡಲಿಕ್ಕೆ ಬರ್ತಿದ್ಲು. ಒಂದು ಆದಿತ್ಯವಾರ ಇಬ್ಬರೂ ಪಡಸಾಲ್ಯಾಗ ಆಟಗಿ ಸಾಮಾನು ಹರವಿಕೊಂಡು ಅಡಗಿ ಆಟ ಆಡ್ಲಿಕತ್ತಿದ್ರು. ಹೊರಗ ಒಂದು ಮೋಟರ್ ಸೈಕಲ್ ಬಂದು ನಿಂತ ಸಪ್ಪಳ ಆತು. ಆ ಕೂಸು ಕೈಯಾಗಿಂದು ಬಿಟ್ಟು, ಬೊಂಬಿನ ತೊಗೊಂಡು ಹೋಗಿ ನಮ್ಮ ಟ್ರೆಜರಿ ಒಳಗ ಇಟ್ಟು ಬಾಗಲಾ ಹಾಕಿದ್ಲು. ನನ್ನ ಮಗಳು ‘ಯಾಕ?’ ಅಂದ್ಲು. ‘ಅಪ್ಪ ಬಂದ. ಇಕಿ ಅಳಬಾರದು, ಅತ್ರ ಅವ್ವಗ ಹೊಡೀತಾರ’ ಅಂದ್ಲು. ಅಷ್ಟು ಸಣ್ಣ ಹುಡುಗಿ, ಹಾಲು ತರಲಿಕ್ಕೆ ಹೊಂಟೀನಿ ಅಂತ ಹೇಳಿದಂಗ ಹೇಳಿದ್ಲು. ಖರೇ ಅಂದ್ರ ಅದು ಅವರಪ್ಪನ ಗಾಡಿ ಆಗಿದ್ದಿಲ್ಲ, ಪೇಪರ್ ಬಿಲ್ ತೊಗೊಳ್ಳಿಕ್ಕೆ ಯಾರೋ ಬಂದಿದ್ರು.

ಅವತ್ತು ರಾತ್ರಿ ನಂಗ ನಿದ್ದಿ ಬರಲಿಲ್ಲ. ಮಕ್ಕಳ ಮಾರಿ ನೋಡಿ ಸುಮ್ನಿರು ಅಂತ ಹೇಳಿದ್ನಲ್ಲಾ, ನಾ ಒಂದಿನನರ ಆ ಕೂಸಿನ ಮಾರಿ ನೋಡಿದ್ನೇನು?

ನಾವೆಲ್ಲಾ ಏನು ತಿಳ್ಕೋತೀವಿ ಅಂದ್ರ ಸಣ್ಣ ಮಕ್ಕಳಿಗೆ ತಿಳಿಯೂದಿಲ್ಲ, ಮಲಗಿರ್ತಾವ, ಮರತು ಹೋಗ್ತಾವ. ತಿಳೀತದ್ರೀ. ಅಪ್ಪನ ಚಪ್ಪಲಿ ಸಪ್ಪಳದ ಮ್ಯಾಲೆ ಇವತ್ತಿನ ರಾತ್ರಿ ಹೆಂಗ ಹೋಗ್ತದ ಅಂತ ಅವು ಹೇಳ್ತಾವ. ಕೆಲವು ಹಾಸಗ್ಯಾಗ ಉಚ್ಚಿ ಹೊಯ್ಕೋತಾವ, ಕೆಲವು ಸಾಲ್ಯಾಗ ಬ್ಯಾರೆ ಹುಡುಗರಿಗೆ ಹೊಡೀತಾವ, ಕೆಲವು ಭಾಳ ಛೊಲೋ ಹುಡುಗರು ಆಗಿ ಬಿಡ್ತಾವ, ಒಂದ ಒಂದು ಮಾತಿಗೆ ಎದುರು ಆಡೂದಿಲ್ಲ. ನಾವು ‘ಎಷ್ಟು ಶಾಣ್ಯಾ ಕೂಸು’ ಅಂತೀವಿ. ಅದು ಶಾಣ್ಯಾತನ ಅಲ್ಲ, ಅಂಜಿಕಿ. ಮತ್ತ ಅವ್ವಗ ಎತ್ತಿದ ಕೈ ಮಕ್ಕಳ ಮ್ಯಾಲೂ ಏಳ್ತದ. ಮಕ್ಕಳ ಸಲುವಾಗಿ ಸುಮ್ನಿರು ಅಂತ ಹೇಳೋದು ಅಂದ್ರ ಮಕ್ಕಳನ್ನ ಅದರೊಳಗ ಕೂಡಿಸಿ ಹೊರಗಿಂದ ಚಿಲಕಾ ಹಾಕಿದಂಗ.

ಇದು ನಮ್ಮ ಒಂದು ಗ್ವಾಡಿ ಕಥಿ ಅಷ್ಟ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೊಳಗ, ಕರ್ನಾಟಕದ 18ರಿಂದ 49 ವರ್ಷದ ಮದುವಿಯಾದ ಹೆಣ್ಣುಮಕ್ಕಳ ಪೈಕಿ ಸುಮಾರು 44 ಪರ್ಸೆಂಟ್ ಗಂಡನಿಂದ ಹಿಂಸೆ ಅನುಭವಿಸೇವಿ ಅಂತ ಹೇಳ್ಯಾರ. ದೇಶದ ಲೆಕ್ಕ 29ರ ಆಜೂಬಾಜೂ ಅದ. ಅರಿಶಿಣ ಕುಂಕುಮಕ್ಕ ಹತ್ತು ಮಂದಿ ಕರದ್ರ ಅದರಾಗ ನಾಕು ಮಂದಿ ಅಂದಂಗಾತು. ಉಡಿ ತುಂಬೋ ಮುಂದ ನಾವು ಸೀರಿ ಅಂಚು ನೋಡ್ತೀವಿ, ತೋಳು ನೋಡೂದಿಲ್ಲ.

ಈಗ ನೀವು ಕೇಳ್ತೀರಿ, ‘ಎಲ್ಲಾ ಖರೇ, ಆದ್ರ ಅಕಿ ಹೋಗೋದರ ಎಲ್ಲಿಗೆ?’ ನಾನೂ ಹಂಗ ಕೇಳ್ತಿದ್ದೆ. ಮೊದಲನೇ ಮಾತು ಏನಂದ್ರ, ಅಕಿನ ಹೋಗಬೇಕು ಅಂತ ಎಲ್ಲೂ ಬರದಿಲ್ಲ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಅಂತ 2005ರಾಗ ಆಗೇದ, 2006ರ ಅಕ್ಟೋಬರದಿಂದ ಜಾರಿಯೊಳಗ ಅದ. ಮನಿ ಗಂಡನ ಹೆಸರಿಲೆ ಇರಲಿ, ಬಾಡಿಗಿದು ಇರಲಿ, ಸಂಸಾರ ಮಾಡಿದ ಮನ್ಯಾಗ ಇರೋ ಹಕ್ಕು ಅಕಿಗೆ ಅದ. ಅತ್ತಿ ಮಾವನ ಹೆಸರಿಲೆ ಇದ್ದ ಮನಿಯೂ ಹಂಚಿಕೊಂಡ ಮನಿ ಅಂತ ಆಗಬಹುದು ಅಂತ 2020ರಾಗ ಸುಪ್ರೀಂ ಕೋರ್ಟ್ ಹೇಳೇದ. ಬರೇ ಬಡಿಯೋದಲ್ಲ, ಬೈಯೋದು, ಹೆದರಸೋದು, ಅಕಿ ಪಗಾರ ಕಸಗೊಳ್ಳೋದು, ಮನಿಖರ್ಚಿಗೆ ರೊಕ್ಕ ಕೊಡಲಾರದ್ದು, ಎಲ್ಲಾ ಈ ಕಾಯ್ದೆಯೊಳಗ ಹಿಂಸೆನ.

ಮಕ್ಕಳ ಸುದ್ದಿನೂ ಅದರಾಗ ಅದ. ಮ್ಯಾಜಿಸ್ಟ್ರೇಟರು ರಕ್ಷಣಾ ಆದೇಶ ಕೊಟ್ರ, ಅಂವಾ ಮಗುವಿನ ಸಾಲಿ ಕಡೆ ಹಾಯಬಾರದು ಅಂತನೂ ಹಾಕಬಹುದು. ಮಕ್ಕಳನ್ನ ತಾತ್ಕಾಲಿಕವಾಗಿ ತಾಯಿ ಕಡೆ ಒಪ್ಪಸಬಹುದು, ಅಪ್ಪ ಭೆಟ್ಟಿ ಆಗೋದ್ರಿಂದ ಮಗುಗೆ ತ್ರಾಸ ಆಗ್ತದ ಅನಿಸಿದ್ರ ಭೆಟ್ಟಿನೂ ಬ್ಯಾಡ ಅನ್ನಬಹುದು. ಆದೇಶ ಮುರದ್ರ ಒಂದು ವರ್ಷದ ತನಕಾ ಜೈಲು ಇಲ್ಲಾ 20,000 ರೂಪಾಯಿ ತನಕಾ ದಂಡ, ಎರಡೂ ಆಗಬಹುದು.

ಇದನ್ನ ಯಾರ ಕಡೆ ಹೇಳಬೇಕು? ನಮ್ಮ ರಾಜ್ಯದಾಗ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾ ಅಧಿಕಾರಿ, ಅಂದ್ರ ಅಂಗನವಾಡಿಗೋಳು ಯಾರ ಕೈಕೆಳಗ ನಡೀತಾವಲ್ಲಾ ಆ ಸಿಡಿಪಿಓ, ಅವರ ಈ ಕಾಯ್ದೆಗೆ ಸಂರಕ್ಷಣಾಧಿಕಾರಿ. ಅಂಗನವಾಡಿ ಟೀಚರ್‌ಗೆ ಕೇಳಿದ್ರ ಆಫೀಸು ಎಲ್ಲಿ ಅದ ಅಂತ ಹೇಳ್ತಾರ. ಅವರು ನಡದದ್ದು ಬರಕೊಂಡು ಕೋರ್ಟಿಗೆ ಕೊಡ್ತಾರ. ಜಿಲ್ಲಾದಾಗ ಸಖಿ ಕೇಂದ್ರ ಅದ, ಅಲ್ಲೆ ದವಾಖಾನಿ, ಪೊಲೀಸ್, ವಕೀಲರು, ಸಮಾಧಾನ ಹೇಳೋರು, ನಾಕು ದಿನ ಇರಲಿಕ್ಕೆ ಜಾಗಾ, ಎಲ್ಲಾ ಒಂದ ಕಡೆ ಸಿಗಲಿ ಅಂತ ಮಾಡ್ಯಾರ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಾಗ ವಕೀಲರು ಪುಕ್ಕಟೆ, ಎಷ್ಟ ಆದಾಯ ಇದ್ರೂ. ಫೋನ್ ನಂಬರ್ ಮೂರು ನೆನಪಿಟ್ಕೋರಿ: ಹೆಣ್ಣುಮಕ್ಕಳಿಗೆ 181, ಮಕ್ಕಳಿಗೆ 1098, ಈಗಿಂದೀಗ ಜೀವಕ್ಕ ಬಂದದ ಅಂದ್ರ 112.

‘ನಾವು ಯಾರು ಅದನ್ನೆಲ್ಲಾ ಹೇಳಲಿಕ್ಕೆ, ನಾಳೆ ನಮ್ಮ ಮ್ಯಾಲೆ ಬಂದ್ರ?’ ಇದು ಎರಡನೇ ಮಾತು. ಆ ಕಾಯ್ದೆಯ ನಾಲ್ಕನೇ ಕಲಂ ಓದ್ರಿ. ಹಿಂಸೆ ನಡದದ, ಇಲ್ಲಾ ನಡೀಬಹುದು ಅಂತ ಅನಿಸಿದ ಯಾರರ ಸಂರಕ್ಷಣಾಧಿಕಾರಿಗೆ ಹೇಳಬಹುದು, ಒಳ್ಳೆ ಮನಸ್ಸಿಲೆ ಹೇಳಿದವರ ಮ್ಯಾಲೆ ಯಾವ ಜವಾಬ್ದಾರಿನೂ ಬರೂದಿಲ್ಲ. ಯಾರರ ಅಂದ್ರ ಬಾಜೂ ಮನಿ ನಾನೂ ಬಂದೆ. ಆದ್ರ ಅಕಿಗೆ ಕೇಳಿ ಹೇಳ್ರಿ, ಜೀವಕ್ಕ ಬಂದಾಗ ಬಿಟ್ಟು. ನಮ್ಮ ಅವಸರಕ್ಕ ಅಕಿ ಬೆನ್ನಿಗೆ ಇನ್ನಷ್ಟು ಬೀಳಬಾರದು. ಬಿಟ್ಟು ಹೊಂಟಾಳ ಅಂತ ಗೊತ್ತಾದ ಗಳಿಗಿನ ಎಲ್ಲಾದಕ್ಕಿಂತ ಅಪಾಯದ್ದು.

ಕೂಸಿನ ಮೈ ಮ್ಯಾಲೆ ಯಾರರ ಕೆಟ್ಟ ಕೈ ಹಾಕ್ಯಾರ ಅಂತ ಗೊತ್ತಾದ್ರ ಮಾತ್ರ ಕೇಳೋ ಪ್ರಶ್ನೆ ಇಲ್ಲ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಿದ್ದವರು ಪೊಲೀಸರಿಗೆ ಹೇಳಲೇಬೇಕು, ಹೇಳಲಿಲ್ಲಂದ್ರ ಅದ ಒಂದು ಅಪರಾಧ. ‘ಮನೆತನದ ಮರ್ಯಾದಿ’ ಅಂತ ಮುಚ್ಚಿಟ್ಟ ಅಜ್ಜಿನೂ ಅದರಾಗ ಬರ್ತಾಳ. ಮಗುವಿನ ಹೇಳಿಕಿ ತೊಗೊಳ್ಳೋ ಪೊಲೀಸರು ಡ್ರೆಸ್ ಮ್ಯಾಲೆ ಬರಬಾರದು, ರಾತ್ರಿ ಕೂಸಿನ್ನ ಠಾಣೆಯೊಳಗ ಇಟ್ಕೋಬಾರದು ಅಂತ ಅದರಾಗ ಬರದಾರ. ನಾವು ಮಾಡಬೇಕಾದ್ದು ಇಷ್ಟ. ಅದು ಹೇಳಿದ್ದನ್ನ ನಂಬಬೇಕು, ಹತ್ತು ಸಲ ಕೆದಕಿ ಕೇಳಬಾರದು, ‘ನಿನ್ನ ತಪ್ಪಿಲ್ಲ ಪುಟ್ಟಾ, ಹೇಳಿದ್ದು ಛೊಲೋ ಮಾಡ್ದಿ’ ಅನಬೇಕು.

ಕಾಯ್ದೆ ಸುದ್ದಿ ಭಾಳ ಆತು. ಆದ್ರ ಕಾಯ್ದೆಗಿಂತ ಮೊದಲು ಬೇಕಾಗೋದು ಒಂದು ತಗದ ಬಾಗಲಾ. ನಾ ಟಿವಿ ಸೌಂಡ್ ಹೆಚ್ಚು ಮಾಡೋದು ಬಿಟ್ಟೆ. ಸಪ್ಪಳ ಬಂದ್ರ ಹೋಗಿ ಬೆಲ್ ಹೊಡೀತಿದ್ದೆ. ‘ಎರಡು ಉಳ್ಳಾಗಡ್ಡಿ ಇದ್ರ ಕೊಡ್ರಿ.’ ನಮ್ಮ ಮನ್ಯಾಗ ಬುಟ್ಟಿ ತುಂಬ ಉಳ್ಳಾಗಡ್ಡಿ ಇರ್ತಿದ್ವು, ಅದು ಅವಂಗೂ ಗೊತ್ತಿತ್ತು. ಯಾರೋ ಕೇಳಸ್ಕೊಳ್ಳಿಕತ್ತಾರ ಅಂತ ಗೊತ್ತಾದ್ರ ಕೆಲವೊಮ್ಮೆ ಆ ಕೈ ತಡೀತದ. ಎಲ್ಲಾ ಸಲ ಅಲ್ಲ, ಒಮ್ಮೊಮ್ಮೆ. ಒಬ್ಬಾಕಿನ ಹೋಗಬ್ಯಾಡ್ರಿ ಮತ್ತ, ನಮ್ಮ ಮನಿಯವರು ಹಿಂದ ಗೇಟಿನ ಹತ್ರ ನಿಂತಿರ್ತಿದ್ರು.

ಮತ್ತ ಅಕಿ ಒಂದು ಕೈಚೀಲ ನಮ್ಮ ಮನ್ಯಾಗ ತಂದಿಟ್ಲು. ಆಧಾರ್, ರೇಷನ್ ಕಾರ್ಡಿನ ಝೆರಾಕ್ಸು, ಮಗಳ ಜನನ ಪ್ರಮಾಣಪತ್ರ, ಬ್ಯಾಂಕಿನ ಪಾಸ್‌ಬುಕ್ಕು, ದವಾಖಾನಿ ಚೀಟಿಗೋಳು, ಎರಡು ಜೋಡಿ ಅರಬಿ, ಒಂದಿಷ್ಟು ರೊಕ್ಕ. ದವಾಖಾನಿ ಚೀಟಿ ಒಗೀಬ್ಯಾಡ್ರಿ, ಆಮ್ಯಾಲೆ ಅದ ಮಾತಾಡ್ತದ. ಆ ಚೀಲ ನಮ್ಮ ಹಾಸಗಿ ಕೆಳಗ ಐದು ತಿಂಗಳು ಇತ್ತು. ನಡುವ ಒಮ್ಮೆನೂ ‘ಇನ್ನೂ ಯಾಕ ಹೋಗವಲ್ಲಿ’ ಅಂತ ನಾ ಕೇಳಲಿಲ್ಲ. ಕೇಳಬಾರದು ಅಂತ ನಾಲಿಗಿ ಕಚ್ಕೊಂಡಿದ್ದೆ.

ಅಕಿ ತವರಮನಿಗೆ ಮೂರು ಸಲ ಹೋಗಿದ್ಲು, ಮೂರೂ ಸಲ ಅವರಪ್ಪ ಸಮಾಧಾನ ಹೇಳಿ, ಹೊಸಾ ಸೀರಿ ಉಡಿಸಿ, ತಾವ ಬಸ್ಸು ಹತ್ತಿಸಿ ಕಳಿಸಿದ್ರು. ಅವರು ಕೆಟ್ಟ ಮನಷ್ಯಾ ಅಲ್ಲ. ಅವರ ತಲ್ಯಾಗೂ ನಮ್ಮವ್ವನ ಮಾತ ಇತ್ತು. ನಾಲ್ಕನೇ ಸಲ ಬಾಗಲಾ ತಗದಾಕಿ ಅವರ ವೈನಿ. ‘ಈ ಸಲ ಇಕಿನ್ನ ಕಳಸಿದ್ರ ನಾನೂ ಇಕಿ ಜೋಡಿ ಹೊಂಟೆ’ ಅಂದ್ಲಂತ. ವೈನಿ ಅಂದ್ರ ನಾದಿನಿ ಬಂದ್ರ ಮಾರಿ ಗಂಟು ಹಾಕ್ತಾಳ ಅಂತ ಎಲ್ಲಾರೂ ಅಂತೀವಿ. ಅಕಿನ ಚೀಲ ತೊಗೊಂಡು ಸಿಡಿಪಿಓ ಆಫೀಸಿಗೆ ಕರಕೊಂಡು ಹೋದ್ಲು.

ಸುಲಭ ಆತು ಅಂತ ನಾ ಹೇಳೂದಿಲ್ಲ. ಅರ್ಜಿ 60 ದಿನದಾಗ ಮುಗಸ್ಲಿಕ್ಕೆ ಪ್ರಯತ್ನ ಮಾಡಬೇಕು ಅಂತ ಕಾಯ್ದೆಯೊಳಗ ಅದ, ಅಕಿಗೆ ಒಂದೂವರಿ ವರ್ಷ ಹಿಡೀತು. ಆ ಒಂದೂವರಿ ವರ್ಷ ಯಾರೂ ‘ಎಷ್ಟು ದಿನ ಇರ್ತಾಳ’ ಅಂತ ಕೇಳಲಾರದಂಗ ಎರಡು ತುತ್ತು ಹಾಕಬೇಕಿತ್ತು, ಅದನ್ನ ವೈನಿ ಹಾಕಿದ್ಲು. ನ್ಯಾಯ ಅಂದ್ರ ಕೋರ್ಟಿಂದಷ್ಟ ಅಲ್ಲ, ಈ ಎರಡು ತುತ್ತೂ ಹೌದು. ಈಗ ಅಕಿ ಒಂದು ಬಟ್ಟಿ ಅಂಗಡ್ಯಾಗ ಕೆಲಸ ಮಾಡ್ತಾಳ, ಸಣ್ಣದೊಂದು ಖೋಲಿ ಮಾಡ್ಯಾಳ. ಮಗಳು ಎಂಟನೇತ್ತಾ. ಇನ್ನೂ ಜೋರು ಸಪ್ಪಳಾದ್ರ ಬೆಚ್ಚಿ ಬೀಳ್ತದಂತ, ಆದ್ರ ಹೋದ ತಿಂಗಳು ಅವ್ವನ ಜೋಡಿ ಜೋರಾಗಿ ಜಗಳಾ ತಗದು ಬಾಗಲಾ ಬಡಕೊಂಡು ಹೋತಂತ. ಅಕಿ ಫೋನ್‌ನ್ಯಾಗ ಇದನ್ನ ಹೇಳಿ ಖುಷಿಲೆ ನಕ್ಕಳು. ಎದುರು ಮಾತಾಡಲಿಕ್ಕೆ ಅಂಜದ ಕೂಸು.

ಆ ಮಾತು ಹೇಳೋದನ್ನ ನಾ ಬಿಟ್ಟೇನಿ. ನನ್ನ ಮಗಳಿಗೆ ಅದನ್ನ ದಾಟಸೂದಿಲ್ಲ. ನಿಮಗೂ ನಾಳೆ ಯಾರರ ಬಂದು ‘ಇನ್ನ ಆಗೂದಿಲ್ರೀ’ ಅಂದ್ರ, ಹೇಳಲೇಬೇಕಂತ ಬಾಯಿಗೆ ಬಂದ್ರ, ಅರ್ಧಾ ಹೇಳ್ರಿ. ‘ಮಕ್ಕಳ ಮಾರಿ ನೋಡು’ ಅನ್ನೋತನಕಾ ಹೇಳ್ರಿ, ‘ಸುಮ್ನಿರು’ ಅನ್ನೋದನ್ನ ಬಿಟ್ಟು ಬಿಡ್ರಿ. ಆಮ್ಯಾಲೆ ನೀವೂ ಒಂದು ಸಲ ಆ ಮಾರಿ ನೋಡ್ರಿ.